ನಡುವಯಸ್ಸಿನ ಕೂದಲುದುರುವಿಕೆ: ಚಿಕಿತ್ಸೆ ಬೇಕೆ?

ನಲವತ್ತು ದಾಟಿದವರು ಬೇರಾವುದೋ ಕಾಯಿಲೆಯ ಮಾತು ಮುಗಿಸಿ ಏಳುವ ಹೊತ್ತಿಗೆ ನೆತ್ತಿಯ ಮೇಲೆ ಕೈಯಾಡಿಸುತ್ತ, "ಇದಕ್ಕೇನಾದರೂ ಎಣ್ಣೆ ಇದೆಯೇ?" ಎಂದು ನಮ್ಮನ್ನು ಕೇಳುವುದುಂಟು. ಎಣ್ಣೆಯೇನೋ ಇದೆ. ಅದು ಆ ವ್ಯಕ್ತಿಗೆ ಬೇಕೇ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಆಯುರ್ವೇದದಲ್ಲಿ ಈ ವಿಕಾರಕ್ಕೆ ಖಾಲಿತ್ಯವೆಂದು ಹೆಸರು. ವಾತದೊಡನೆ ಕೂಡಿದ ಪಿತ್ತವು ರೋಮಕೂಪಗಳನ್ನು ಸೇರಿ ಕೂದಲನ್ನು ಉದುರಿಸುತ್ತದೆ. ಬಳಿಕ ಕಫ ಮತ್ತು ರಕ್ತಗಳು ಆ ಕೂಪಗಳನ್ನು ಮುಚ್ಚುವುದರಿಂದ ಹೊಸ ಕೂದಲು ಹುಟ್ಟುವುದಿಲ್ಲ. ಥಟ್ಟನೆ ಉದುರುವುದು ಇಂದ್ರಲುಪ್ತ, ಕ್ರಮೇಣ ಉದುರುವುದು ಖಾಲಿತ್ಯ ಎಂದು ವಾಗ್ಭಟನು ಭೇದ ಕಲ್ಪಿಸಿದ್ದಾನೆ. ಮೂರು ದೋಷಗಳೂ ಕೆಟ್ಟು ಬಂದ ಖಾಲಿತ್ಯ ಅಸಾಧ್ಯವೆಂದೂ ಅವನೇ ಹೇಳಿದ್ದಾನೆ. ಆಯುರ್ವೇದದ ಹೆಸರಿನಲ್ಲಿ ಎಣ್ಣೆ ಮಾರುವವರು ಈ ಮಾತನ್ನು ಮಾತ್ರ ಮರೆಯುತ್ತಾರೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಪುರುಷರಲ್ಲಿ ಹಣೆಯ ಅಂಚು ವರ್ಷಗಟ್ಟಲೆ ಮೆಲ್ಲನೆ ಹಿಂದೆ ಸರಿಯುವುದು, ಸ್ತ್ರೀಯರಲ್ಲಿ ಬೈತಲೆ ಅಗಲವಾಗುವುದು ಬಹುತೇಕ ವಂಶದಿಂದ ಬಂದದ್ದು. ಆದರೆ ಬಾಚಿದಾಗಲೆಲ್ಲ ಕೂದಲು ಹಿಡಿಯಷ್ಟು ಕೈಗೆ ಬರುತ್ತಿದ್ದರೆ ಹಿಂದಿನ ಎರಡು ಮೂರು ತಿಂಗಳನ್ನು ನೆನೆಯಬೇಕು. ಟೈಫಾಯಿಡ್, ಡೆಂಗಿ ಮುಂತಾದ ಜ್ವರಗಳು, ಶಸ್ತ್ರಚಿಕಿತ್ಸೆ, ಅತಿಯಾದ ಉಪವಾಸ, ತೀವ್ರ ದುಃಖ ಇವೆಲ್ಲ ಇಷ್ಟು ತಡವಾಗಿ ಫಲ ತೋರುತ್ತವೆ. ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಆಗ ಹಚ್ಚುತ್ತಿದ್ದ ಎಣ್ಣೆಗೆ ಕೀರ್ತಿ ಬರುತ್ತದೆ. ನಮ್ಮ ಎಣ್ಣೆಗೂ ಹಾಗೆ ಕೀರ್ತಿ ಬಂದದ್ದುಂಟು.

ಅದರಿಂದಲೇ ನಾವು ಒಮ್ಮೆ ಎಡವಿದೆವು. ನಲವತ್ತಾರರ ತಾಯಿಯೊಬ್ಬರಿಗೆ ಹೆಚ್ಚೇನೂ ವಿಚಾರಿಸದೆ ಭೃಂಗರಾಜ ತೈಲ ಕೊಟ್ಟು ಕಳುಹಿಸಿದ್ದೆವು. ನಾಲ್ಕು ತಿಂಗಳ ಬಳಿಕ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7 ಗ್ರಾಂ. ಪ್ರತಿ ತಿಂಗಳೂ ಹತ್ತು ದಿನ ಸ್ರಾವ. "ಈ ವಯಸ್ಸಿಗೆ ಹಾಗೇ ಅಲ್ಲೇನ್ರೀ, ಅದಕ್ಕ ಹೇಳಿದ್ದಿಲ್ಲ" ಎಂದರು. ನಾವು ಕೇಳಿಯೂ ಇರಲಿಲ್ಲ. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಅದಕ್ಕೆ ಚಿಕಿತ್ಸೆಯಾಗಿ ರಕ್ತ ತುಂಬಿಕೊಂಡ ಮೇಲೆ ಕೂದಲೂ ನಿಂತಿತು. ಅಂದಿನಿಂದ ರಕ್ತಹೀನತೆ, ಥೈರಾಯ್ಡ್, ಮುಟ್ಟಿನ ಏರುಪೇರು, ಸೇವಿಸುತ್ತಿರುವ ಮಾತ್ರೆಗಳು, ಇವುಗಳನ್ನು ವಿಚಾರಿಸದೆ ನಾವು ಎಣ್ಣೆಯ ಬಾಟಲಿ ಮುಟ್ಟುವುದಿಲ್ಲ. ಕೂದಲು ಉದುರಿದಲ್ಲಿ ಕೆಂಪು, ಹುರುಪೆ, ನೋವು ಇದ್ದರಂತೂ ಚರ್ಮವೈದ್ಯರಿಗೆ ಬೇಗ ತೋರಿಸಬೇಕು. ಗಾಯದ ಕಲೆಯಾದ ಜಾಗದಲ್ಲಿ ಮತ್ತೆ ಕೂದಲು ಹುಟ್ಟದು.

ಇನ್ನು ವಂಶದಿಂದ ಬಂದ ಬಗೆ. ಗರುಗದ ಸೊಪ್ಪಿನ ತೈಲವೂ ನೆಲ್ಲಿಕಾಯಿಯೂ ತಲೆಗೆ ತಂಪು, ನಿದ್ರೆಗೆ ಹಿತ. ನುಣುಪಾಗಿ ಹೊಳೆಯುವ ನೆತ್ತಿಯಲ್ಲಿ ಅವು ಕೂದಲು ಬೆಳೆಸಿದ್ದನ್ನು ನಾವು ಕಂಡಿಲ್ಲ. ಅಲೋಪತಿಯ ಮಿನಾಕ್ಸಿಡಿಲ್ ಹಲವರಿಗೆ ಫಲ ಕೊಡುತ್ತದೆ, ಆದರೆ ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಪುರುಷರು ಸೇವಿಸುವ ಫಿನಾಸ್ಟರೈಡ್ ಮಾತ್ರೆಯಿಂದ ಕೆಲವರಲ್ಲಿ ಕಾಮಾಸಕ್ತಿ ಕುಗ್ಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನೂ ಅದು ಅರ್ಧದಷ್ಟು ಇಳಿಸಬಲ್ಲುದು. ಐವತ್ತು ದಾಟಿದವರು ಪರೀಕ್ಷೆಗೆ ಮುನ್ನ ವೈದ್ಯರಿಗೆ ಇದನ್ನು ತಿಳಿಸಲೇಬೇಕು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂ.ಮೀ. ಹದಿನೈದು ದಿನಗಳಲ್ಲಿ ದಟ್ಟ ಕೇಶವೆಂಬ ಜಾಹೀರಾತನ್ನು ಈ ಅಳತೆಯಿಂದಲೇ ತೂಗಿ ನೋಡಬಹುದು.

ಆದ್ದರಿಂದ ಬಂದವರಿಗೆ ನಾವು ಹೇಳುವುದಿಷ್ಟು: ಹತ್ತು ವರ್ಷ ಬಿಡದೆ ಮಾಡಲು ಮನಸ್ಸೂ ಹಣವೂ ಇದ್ದರೆ ಮಾಡಿರಿ, ಅದರಲ್ಲಿ ನಾಚಿಕೆಯಿಲ್ಲ. ಸಾಲ ತಂದು ಮಾಡಬೇಡಿರಿ. ಏನೂ ಮಾಡದೆ ಬಿಟ್ಟರೆ ದೇಹಕ್ಕೆ ಕೇಡಿಲ್ಲ. ನಾವೂ ನಲವತ್ತೆರಡರಲ್ಲಿ ಹಾಗೆಯೇ ಬಿಟ್ಟವರು. ಹೊಲದಲ್ಲಿ ದುಡಿಯುವವರು ಬಿಸಿಲಿಗೆ ನೆತ್ತಿಯ ಮೇಲೆ ರುಮಾಲು ಸುತ್ತಿಕೊಂಡರೆ ಸಾಕು.