ಎಲೆ ತುಂಬಿದ ಮಲ್ಲಿಗೆ, ಹೂವಿಲ್ಲದ ಬಾಲ್ಕನಿ

ಕುವೈತ್ ಕನ್ನಡ ಕೂಟ ನಡೆಸಿಕೊಂಡು ಬಂದಿರುವ ಹಬ್ಬದ ಹೆಸರೇ ‘ಮರಳ ಮಲ್ಲಿಗೆ ದಿನಾಚರಣೆ’. ಇಲ್ಲಿನ ಕನ್ನಡಿಗರಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡಿನ ಕಡೆಯವರು ಬಹಳ ಮಂದಿ. ಕಾಪು ಸಮೀಪದ ಶಂಕರಪುರದ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಕೊಂಡು ಬೆಳೆದವರು ಅವರು: ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೀಗಾಗಿ ಸಾಲ್ಮಿಯಾ, ಅಬ್ಬಾಸಿಯಾ, ಫಹಾಹೀಲ್, ಮಂಗಾಫಿನ ಫ್ಲ್ಯಾಟುಗಳಲ್ಲಿ ತುಳಸಿ, ಕರಿಬೇವಿನ ಪಕ್ಕದಲ್ಲಿ ಮಲ್ಲಿಗೆಯದೂ ಒಂದು ಕುಂಡ ಇರುತ್ತದೆ. ಅದರ ಬಗ್ಗೆ ಕೇಳಿಬರುವ ದೂರೂ ಒಂದೇ. ಗಿಡ ಸೊಂಪಾಗಿದೆ, ಎಲೆ ಕಡುಹಸಿರಾಗಿದೆ, ಹೂ ಮಾತ್ರ ಇಲ್ಲ. ಅಪರೂಪಕ್ಕೆ ಮೊಗ್ಗು ಬಂದರೂ ಅರಳುವ ಮೊದಲೇ ಕಂದಿ ಉದುರುತ್ತದೆ.

ದೂರು ಹೇಳಿದವರಿಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಗೊಬ್ಬರದ ಸುತ್ತಲೇ ಇರುತ್ತವೆ. ಅಕ್ಕಿ ತೊಳೆದ ನೀರು, ಈರುಳ್ಳಿ ಸಿಪ್ಪೆ, ಚಹಾದ ಚರಟ, ಮೊಟ್ಟೆಯ ಓಡು. ನನ್ನ ಅಭಿಪ್ರಾಯದಲ್ಲಿ ಗೊಬ್ಬರದ ಮಾತು ಕೊನೆಗೆ ಬರಬೇಕಾದದ್ದು. ಹೂ ಬಿಡದ ಗಿಡದ ಎದುರು ನಿಂತಾಗ ಮೊದಲು ನೋಡಬೇಕಾದದ್ದು ಬೆಳಕು. ಅದು ಎಷ್ಟು ಬೀಳುತ್ತದೆ, ಯಾವ ದಿಕ್ಕಿನಿಂದ ಬೀಳುತ್ತದೆ, ರಾತ್ರಿ ಅದು ನಿಲ್ಲುತ್ತದೆಯೇ ಎಂಬುದು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕತ್ತಲಿಗೂ ಬಿಸಿಲಿಗೂ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ನಡು ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಾಕಿದ ಬೈಠಕ್ ಕೋಣೆಯಲ್ಲಿ ಅದು ಇನ್ನೂರು ಮುನ್ನೂರು ದಾಟುವುದಿಲ್ಲ. ನಮಗೆ ಎರಡೂ ಬೆಳಕೇ. ಗಿಡದ ಮಟ್ಟಿಗೆ ಎರಡನೆಯದು ಉಪವಾಸ. ಇಲ್ಲಿ ಕಿಟಕಿಗಳಿಗೆ ಶಾಖ ತಡೆಯಲು ಕಪ್ಪು ಬಣ್ಣದ ಇಲ್ಲವೇ ಕನ್ನಡಿಯಂಥ ಹಾಳೆ ಅಂಟಿಸಿರುತ್ತಾರೆ, ಅದು ಇನ್ನಷ್ಟು ಕಸಿಯುತ್ತದೆ. ಫೋನಿನ ಲಕ್ಸ್ ಮೀಟರ್ ಆ್ಯಪ್ ಕರಾರುವಾಕ್ಕಾಗಿ ಅಳೆಯುವುದಿಲ್ಲವಾದರೂ, ಸೋಫಾದ ಪಕ್ಕ, ಗಾಜಿನ ಒಳಗೆ, ಗಾಜಿನ ಹೊರಗೆ ಹೀಗೆ ಮೂರು ಕಡೆ ಹಿಡಿದು ನೋಡಿದರೆ ಅಂತರ ಎಷ್ಟೆಂದು ಅರ್ಥವಾಗುತ್ತದೆ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಅಷ್ಟು ಸಿಗದಿದ್ದರೆ ಗಿಡ ಸಾಯುವುದಿಲ್ಲ. ಎಲೆ ಅಗಲ ಮಾಡಿಕೊಂಡು, ಬಳ್ಳಿಯಂತೆ ನೀಳವಾಗಿ ಚಾಚಿಕೊಂಡು ಬದುಕುತ್ತದೆ. ನಾವು ಸೊಂಪು ಎಂದು ಸಂತೋಷಪಡುವುದು ಬಹಳ ಸಲ ಈ ನೆರಳಿನ ಬೆಳವಣಿಗೆಯನ್ನೇ.

ಬಿಸಿಲಿನ ನಾಡಿನಲ್ಲಿ ಬಿಸಿಲಿಗೆ ಬರವೇ ಎನ್ನಿಸಬಹುದು. ಉತ್ತರ ಸೂರ್ಯನ ದಾರಿಯಲ್ಲಿದೆ. ಉಡುಪಿ ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಕುವೈತ್ 29 ಡಿಗ್ರಿಗೂ ಮೇಲೆ. ಇಲ್ಲಿ ಜೂನ್ ತಿಂಗಳ ನಡುಹಗಲಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಸುಮಾರು 84 ಡಿಗ್ರಿ ಎತ್ತರದಲ್ಲಿ. ಡಿಸೆಂಬರಿನಲ್ಲಿ 37 ಡಿಗ್ರಿಗೆ ಇಳಿಯುತ್ತಾನೆ. ತೆಂಕಣ ದಿಕ್ಕಿನ ಬಾಲ್ಕನಿಗೆ ಚಳಿಗಾಲದಲ್ಲಿ ಬಿಸಿಲು ಒಳಗೋಡೆಯವರೆಗೂ ಬರುತ್ತದೆ. ಬೇಸಿಗೆಯಲ್ಲಿ ಮೇಲಿನ ಮನೆಯ ಸ್ಲ್ಯಾಬು ಪೂರ್ತಿ ನೆರಳು ಮಾಡುತ್ತದೆ. ಎಂದರೆ ಮಲ್ಲಿಗೆ ಚಳಿಗೆ ಮುದುಡಿರುವಾಗ ಬೆಳಕಿದೆ, ಹೂ ಬಿಡಬೇಕಾದಾಗ ಇಲ್ಲ. ಮೂಡಣ ಬಾಲ್ಕನಿ ಇದ್ದವರು ಅದೃಷ್ಟವಂತರು: ಬೆಳಗಿನ ಬಿಸಿಲು ಧಾರಾಳ, ಮಧ್ಯಾಹ್ನದ ಉರಿ ತಪ್ಪುತ್ತದೆ. ಪಡುವಣ ಬಾಲ್ಕನಿ ಏಪ್ರಿಲ್ ಮೇವರೆಗೆ ಚೆನ್ನ, ಆಮೇಲೆ ಕುಂಡದ ಬೇರೇ ಬೇಯುತ್ತದೆ. ಇದೇ ದೇಶದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿಕೊಂಡಿದೆ. ಅಂಥ ಬಿಸಿಲಿಗೆ ಯಾವ ಮೊಗ್ಗೂ ತಡೆಯದು. ಆದ್ದರಿಂದ ಕುಂಡಗಳನ್ನು ಋತುವಿಗೆ ತಕ್ಕಂತೆ ಜಾಗ ಬದಲಿಸಬೇಕು. ಅಡಿಗೆ ಗಾಲಿ ಇರುವ ಮಣೆ ಹಾಕಿಕೊಂಡರೆ ಸೊಂಟಕ್ಕೂ ಸುಖ.

ಬಾಲ್ಕನಿಯೇ ಇಲ್ಲದವರ ಪಾಲಿಗೆ ಎಲ್ಇಡಿ ದೀಪವಿದೆ. ಹತ್ತು ವಾಟಿನ ಗುಲಾಬಿ ಬಲ್ಬನ್ನು ನಾಲ್ಕಡಿ ಮೇಲೆ ತೂಗುಹಾಕಿ ಹೂ ಬರಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಸಣ್ಣ ದೀಪ ದೂರ ಹೋದಷ್ಟೂ ಬೆಳಕು ಬಹಳ ಬೇಗ ಕುಗ್ಗುತ್ತದೆ, ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗ. ಒಂದು ಕುಂಡಕ್ಕೆ ನಿಜವಾದ ನಲವತ್ತೈವತ್ತು ವಾಟಿನ ಬಿಳಿ ದೀಪ, ಕೊನೆಯ ಚಿಗುರಿನಿಂದ ಒಂದಡಿ ಮೇಲೆ, ಟೈಮರ್ ಇಟ್ಟು ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ. ಐವತ್ತು ವಾಟಿನದಾದರೆ ತಿಂಗಳಿಗೆ ಸುಮಾರು 21 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ಹಾಗಿದ್ದೂ ಬಯಲಿನ ಬಿಸಿಲಿನಷ್ಟು ಹೂ ಬರುವುದಿಲ್ಲ. ಬಡಗಣ ದಿಕ್ಕಿಗೆ ಒಂದೇ ಕಿಟಕಿ ಇರುವ, ದೀಪ ಹಾಕಲೂ ಮನಸ್ಸಿಲ್ಲದ ಮನೆಯವರು ಮಲ್ಲಿಗೆಯ ಆಸೆ ಬಿಡುವುದೇ ಒಳ್ಳೆಯದು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಇನ್ನು ರಾತ್ರಿಯ ವಿಷಯ. ಮಲ್ಲಿಗೆಯ ಜೊತೆಗೆ ಸೇವಂತಿಗೆಯನ್ನೂ ನೆಟ್ಟವರಿಗೆ ರಾತ್ರಿಯ ಕತ್ತಲೇ ಜೀವಾಳ. ಗಿಡಗಳಿಗೆ ಹಗಲಿರುಳಿನ ಉದ್ದ ತಿಳಿಯುತ್ತದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಫ್ರಾನ್ಸಿನ ಜೂಲಿಯನ್ ಟೂರ್ನ್ವಾ ಎಂಬ ಸಸ್ಯವಿಜ್ಞಾನಿಗೆ. 1912ರ ಹೊತ್ತಿಗೆ ಅವರು ಹಾಪ್ಸ್ ಬಳ್ಳಿ ಮತ್ತು ಭಂಗಿ ಗಿಡಗಳನ್ನು ಗಾಜಿನ ಮನೆಯಲ್ಲಿ ಬೆಳೆಸುತ್ತಿದ್ದಾಗ, ಹಗಲು ಚಿಕ್ಕದಾದರೆ ಎಳೆಯ ಗಿಡಗಳೂ ಬೇಗ ಹೂ ಬಿಡುವುದನ್ನು ಗಮನಿಸಿದರು. ಸಂಶೋಧನೆ ಮುಂದುವರಿಯುವ ಮೊದಲೇ ಮೊದಲ ಮಹಾಯುದ್ಧದಲ್ಲಿ ತೀರಿಹೋದರು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಅದನ್ನು ಸಿದ್ಧಾಂತವಾಗಿ ಮಂಡಿಸಿದರು. ಬೇಸಿಗೆಯಿಡೀ ಆಳೆತ್ತರ ಮೀರಿ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿಯನ್ನು ಅವರು ಹೊತ್ತು ಮುಳುಗುವ ಮೊದಲೇ ಕತ್ತಲ ಗೂಡಿಗೆ ಸೇರಿಸಿ ಹೂ ಬಿಡಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿದರೂ ಲೆಕ್ಕ ತಪ್ಪಿಹೋಗುತ್ತದೆ.

ಭಂಗಿ ಅಂದರೆ ಗಾಂಜಾ ಗಿಡವೇ. ಮನೆಯೊಳಗೆ ದೀಪದಲ್ಲಿ ಗಿಡ ಬೆಳೆಸುವ ಬಗ್ಗೆ ಹುಡುಕಿದರೆ ಸಿಗುವ ಮಾಹಿತಿಯಲ್ಲಿ ಬಹಳಷ್ಟು ಅದರದೇ. ಕುವೈತಿನಲ್ಲಿ ಅದರ ಒಂದು ಬೀಜ ಮೊಳಕೆಯೊಡೆಸುವುದೂ ಬದುಕನ್ನು ಜೈಲಿಗೆ ಒಪ್ಪಿಸುವ ಕೆಲಸ. ಮಾದಕವಸ್ತು ಸಾಗಾಟಕ್ಕೆ ಇಲ್ಲಿನ ಕಾನೂನಿನಲ್ಲಿ ಮರಣದಂಡನೆಯವರೆಗೂ ಶಿಕ್ಷೆಯಿದೆ. ಹರೆಯದ ಮಕ್ಕಳಿರುವ ಮನೆಗಳಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಮಾತಾಡಬೇಕು.

ಸೇವಂತಿಗೆಯೂ ಇರುಳು ಬೆಳೆದಾಗಲೇ ಮೊಗ್ಗು ಕಟ್ಟುವ ಗಿಡ. ಹಗಲು ಸುಮಾರು ಹದಿಮೂರು ಗಂಟೆಗಿಂತ ಕುಗ್ಗಬೇಕು, ಕುವೈತಿನಲ್ಲಿ ಅದು ಆಗಸ್ಟ್ ಕೊನೆಗೆ ಕುಗ್ಗುತ್ತದೆ. ಅಲ್ಲಿಂದ ಎರಡು ಎರಡೂವರೆ ತಿಂಗಳಿಗೆ, ರಾಜ್ಯೋತ್ಸವ ದೀಪಾವಳಿಯ ಆಸುಪಾಸಿಗೆ, ಹೂ ಬರಬೇಕು. ಬರುವುದಿಲ್ಲ ಯಾಕೆಂದರೆ ಬಾಲ್ಕನಿಯ ಎದುರೇ ಬೀದಿದೀಪ, ಇಲ್ಲವೇ ಎದುರಿನ ಅಂಗಡಿಯ ಫಲಕ ಬೆಳಗಿನವರೆಗೆ ಉರಿಯುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದವರು ಸೇವಂತಿಗೆ ಹೊಲಗಳಲ್ಲಿ ಸಾಲು ಬಲ್ಬುಗಳು ಉರಿಯುವುದನ್ನು ನೋಡಿರುತ್ತಾರೆ. ಅಲ್ಲಿ ರೈತರು ಹೂವನ್ನು ಬೇಕೆಂದೇ ತಡೆದು ಗಿಡ ಬೆಳೆಸುತ್ತಾರೆ. ಇಲ್ಲಿ ಅದೇ ಕೆಲಸವನ್ನು ಬೀದಿದೀಪ ನಮಗೆ ಹೇಳದೆ ಮಾಡುತ್ತದೆ. ಸೆಪ್ಟೆಂಬರಿನಿಂದ ಮೊಗ್ಗಿನ ಬಣ್ಣ ಕಾಣುವ ತನಕ ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ರಟ್ಟಿನ ಪೆಟ್ಟಿಗೆಯನ್ನೋ ದಪ್ಪ ಕಪ್ಪು ಬಟ್ಟೆಯನ್ನೋ ಮುಚ್ಚಿದರೆ ಸಾಕು. ಒಂದು ರಾತ್ರಿಯೂ ತಪ್ಪಿಸಬಾರದು. ಮಲ್ಲಿಗೆಗೆ ಈ ಕಟ್ಟುಪಾಡು ಅಷ್ಟು ಬಿಗಿಯಾಗಿಲ್ಲ. ಅದಕ್ಕೆ ಬಿಸಿಲು, ಬೆಚ್ಚಗಿನ ಹವೆ, ಹೊಸ ಚಿಗುರು ಈ ಮೂರೂ ಒಟ್ಟಿಗೆ ಸೇರಬೇಕು.

ಹೊಸ ಚಿಗುರಿನ ತುದಿಯಲ್ಲೇ ಮಲ್ಲಿಗೆ ಮೊಗ್ಗು ಕಟ್ಟುವುದು, ಹಳೆಯ ಕಡ್ಡಿಯಲ್ಲಲ್ಲ. ಕತ್ತರಿ ಹಾಕಲು ಕೈ ಬಾರದವರ ಗಿಡದಲ್ಲಿ ಹೂ ಕಡಿಮೆ. ಊರಿನಲ್ಲಿ ಮಳೆಗಾಲ ಕಳೆದ ಮೇಲೆ ಸವರುವ ರೂಢಿ; ಕುವೈತಿನ ಜನವರಿ ಚಳಿಯಲ್ಲಿ ಚಿಗುರು ಏಳುವುದಿಲ್ಲವಾದ್ದರಿಂದ ಇಲ್ಲಿ ಫೆಬ್ರವರಿ ಕೊನೆ ಸೂಕ್ತ. ಗಿಡವನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸವರಿ, ಉಳಿದ ಹಳೆ ಎಲೆ ತೆಗೆದು, ಕೆಲವು ದಿನ ನೀರು ಕಡಿಮೆ ಮಾಡಿ, ಚಿಗುರು ಮೂಡಿದ ಮೇಲೆ ಗೊಬ್ಬರ ಕೊಡಬೇಕು. ಪ್ರತಿ ಸಲ ಹೂ ಮುಗಿದಾಗಲೂ ತುದಿಯಿಂದ ಎರಡು ಗೆಣ್ಣು ಹಿಂದಕ್ಕೆ ಚಿವುಟಬೇಕು. ಸಾರಜನಕ ಹೆಚ್ಚಿರುವ ಗೊಬ್ಬರವನ್ನೇ ಸುರಿದರೆ ಎಲೆಯೇ ಬರುತ್ತದೆ. ರಂಜಕ, ಪೊಟ್ಯಾಷ್ ಇರುವುದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ.

ಊರಿನ ಅಜ್ಜಿಯರ ಸಲಹೆ ಇಲ್ಲಿ ಎಡವುವುದು ಬೂದಿಯ ವಿಷಯದಲ್ಲಿ. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ. ಅದಕ್ಕೆ ಒಲೆಯ ಬೂದಿ ಬಿದ್ದರೆ ಒಳ್ಳೆಯದೇ. ಕುವೈತಿನ ಮಣ್ಣು ಸುಣ್ಣ ತುಂಬಿದ ಕ್ಷಾರ ಮರಳು. ಇದಕ್ಕೆ ಬೂದಿಯನ್ನೋ ಮೊಟ್ಟೆ ಓಡನ್ನೋ ಸೇರಿಸಿದರೆ ಬೇರಿಗೆ ಕಬ್ಬಿಣ ಸಿಗುವುದು ಇನ್ನೂ ಕಷ್ಟ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇ.ಡಿ.ಡಿ.ಎಚ್.ಎ. ಬಗೆಯ ಕಬ್ಬಿಣದ ಪುಡಿ ಕೇಳಿ ತನ್ನಿ. ಕುಂಡಕ್ಕೆ ಅಂಗಳದ ಮರಳು ಬೇಡ. ತೆಂಗಿನ ನಾರಿನ ಪುಡಿ, ಪೀಟ್, ಕಾಂಪೋಸ್ಟ್ ಬೆರೆಸಿದ ಮಣ್ಣು ಹಾಕಿ.

ನೀರಿನಲ್ಲೂ ಕುವೈತಿನದೇ ಒಂದು ವಿಶೇಷವಿದೆ. ಕುಡಿಯುವ ನೀರು ಸಮುದ್ರದಿಂದ ಉಪ್ಪು ತೆಗೆದದ್ದು. ತೋಟಕ್ಕೆಂದು ಸವುಳು ಅಂತರ್ಜಲ ಬೇರೆಯೇ ಕೊಳವೆಯಲ್ಲಿ ಬರುತ್ತದೆ. ಖರ್ಜೂರದ ಮರ ಆ ಸವುಳು ನೀರನ್ನು ಸಹಿಸುತ್ತದೆ, ಮಲ್ಲಿಗೆ ಸಹಿಸದು. ಎಲೆಯ ಅಂಚು ಸುಟ್ಟಂತೆ ಕಂದಾದರೆ ನಲ್ಲಿ ಯಾವುದೆಂದು ಮೊದಲು ವಿಚಾರಿಸಿ. ಒಳ್ಳೆಯ ನೀರನ್ನೂ ಲೋಟದ ಲೆಕ್ಕದಲ್ಲಿ ಕೊಡದೆ, ಕುಂಡದ ಅಡಿಯ ತೂತಿನಿಂದ ಹರಿದುಬರುವಷ್ಟು ಹಾಕಿ, ಉಪ್ಪು ಕೂಡಿದ್ದು ತೊಳೆದುಹೋಗಲಿ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಸುಡುವಷ್ಟು ಬಿಸಿ. ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟು, ಮುಂಜಾನೆ ಹಾಕಬೇಕು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಅದನ್ನೂ ಬಳಸಬಹುದು.

ಮೊಗ್ಗು ಉದುರುವುದಕ್ಕೆ ಕಾರಣ ಹುಡುಕುವಾಗ ಎ.ಸಿ.ಯ ಹೊರಘಟಕ ಎಲ್ಲಿದೆ ನೋಡಿ. ಅದರ ಬಿಸಿಗಾಳಿ ನೇರ ಬಡಿಯುವ ಗಿಡದಲ್ಲಿ ಮೊಗ್ಗು ನಿಲ್ಲುವುದಿಲ್ಲ. ಒಳಗಿನ ಗಿಡಕ್ಕೆ ಎ.ಸಿ.ಯ ತಂಪು ಒಣಗಾಳಿಯೂ ಅಷ್ಟೇ ಕೇಡು. ಒಮ್ಮೆ ಪೂರ್ತಿ ಒಣಗಿಸಿ ಒಮ್ಮೆ ಕೆಸರು ಮಾಡಿದರೂ ಉದುರುತ್ತದೆ. ಜೂನ್ ಜುಲೈಯ ಧೂಳುಗಾಳಿ ಎಲೆಯ ಮೇಲೆ ಪದರ ಕಟ್ಟಿ ಬೆಳಕನ್ನು ತಡೆಯುತ್ತದೆ, ಆ ಒಣ ಧೂಳಿನಲ್ಲಿ ಜೇಡನುಸಿ ಹೆಚ್ಚುತ್ತದೆ. ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಸಾಸಿವೆಯಷ್ಟೂ ಇಲ್ಲದ ಬಿಳಿ ಚುಕ್ಕೆ ಕಂಡರೆ ಅದೇ. ವಾರಕ್ಕೆರಡು ಸಲ ಎಲೆಯ ಎರಡೂ ಬದಿ ನೀರಿನಿಂದ ತೊಳೆದರೆ ಅರ್ಧ ಕಾಟ ನೀಗುತ್ತದೆ. ಉಳಿದದ್ದಕ್ಕೆ ಸಂಜೆ ಬೇವಿನೆಣ್ಣೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಊರಿನಿಂದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತರುವ ಆಸೆ ಎಲ್ಲರಿಗೂ ಇದೆ. ಸಸ್ಯ ಗಡಿದಾಟಿಸಲು ಭಾರತದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಕುವೈತಿನ ಕೃಷಿ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಅಷ್ಟು ಪಾಡು ಪಡಬೇಕಿಲ್ಲ. ಅಲ್ ರೈ ಪ್ರದೇಶದ ನರ್ಸರಿಗಳಲ್ಲಿ ‘ರಾಜ್ಕಿ’ ಎಂದು ಕೇಳಿದರೆ ಸಿಗುವುದು ಇದೇ ಜಾತಿಯ ಮಲ್ಲಿಗೆ. ಅಲ್ಲಿ ಫಿಲಿಪೀನ್ಸಿನವರೂ ಅದನ್ನೇ ಹುಡುಕಿಕೊಂಡು ಬರುತ್ತಾರೆ, ಅವರ ದೇಶದ ರಾಷ್ಟ್ರೀಯ ಹೂ ಅದು. ಹೂ ಬಿಟ್ಟಿರುವ ಗಿಡವನ್ನೇ ಕೊಳ್ಳಿ. ಉಡುಪಿ ಮಲ್ಲಿಗೆಯ ತೆಳು ಎಸಳು, ಅದೇ ಪರಿಮಳ ಬೇಕೆಂದರೆ ಸಿಗದಿರಬಹುದು. ಸುತ್ತು ಹೆಚ್ಚಿರುವ ದುಂಡು ಮಲ್ಲಿಗೆಗಳೇ ಇಲ್ಲಿ ಜಾಸ್ತಿ.

ಎಲ್ಲ ಸರಿಯಾಗಿ ಏಪ್ರಿಲ್ ಮೇಯಲ್ಲಿ ಮೊಗ್ಗು ಬಿಟ್ಟ ಗಿಡ ಸಾಯುವುದು ಬಹಳ ಸಲ ಶಾಲೆಯ ಬೇಸಿಗೆ ರಜೆಯಲ್ಲಿ. ಮನೆಮಂದಿಯೆಲ್ಲ ಊರಿಗೆ, ಫ್ಲ್ಯಾಟಿಗೆ ಬೀಗ, ಮುಚ್ಚಿದ ಕೋಣೆ ಕಾದ ಬಾಣಲೆ. ಹೊರಡುವ ಹದಿನೈದು ದಿನ ಮೊದಲೇ ಗಿಡ ಸವರಿ, ಎಲೆ ಕಡಿಮೆ ಮಾಡಿ, ದೊಡ್ಡ ಕುಂಡಕ್ಕೆ ಬದಲಿಸಿ. ರಜೆಗೆ ಹೋಗದೆ ಇಲ್ಲೇ ಉಳಿಯುವವರು ಪ್ರತಿ ಕಟ್ಟಡದಲ್ಲೂ ಇರುತ್ತಾರೆ. ಅಂಥವರ ಮನೆಯ ಮೂಡಣ ಕಿಟಕಿಗೆ ಕುಂಡ ಸಾಗಿಸಿ, ನೀರಿನ ಬಕೆಟ್ಟನ್ನೂ ಜೊತೆಗೇ ಕೊಟ್ಟು ಹೋಗಿ. ಮರಳಿ ಬಂದಾಗ ಸೆಪ್ಟೆಂಬರ್. ಒಂದು ಸಲ ತುದಿ ಚಿವುಟಿದರೆ ಅಕ್ಟೋಬರಿನಲ್ಲಿ, ಚಳಿ ಹಿಡಿಯುವ ಮೊದಲು, ಇನ್ನೊಂದು ಸುತ್ತಿನ ಹೂ ಸಿಗುತ್ತದೆ.