ಮನೆಯ ಬಾಗಿಲ ಎಂಟು ದೀಪಗಳು

ಕಾರ್ತಿಕದ ಸಂಜೆಗಳಲ್ಲಿ ಮಾಗಡಿಯ ಹೊಸ್ತಿಲುಗಳ ಮೇಲೆ ಬೆಳಗುವ ಹಣತೆಗಳನ್ನೂ, ಕ್ರಿಸ್ತಜಯಂತಿಯಲ್ಲಿ ನಮ್ಮ ಸಭೆಯವರ ಮನೆಗಳ ಮುಂದೆ ತೂಗುವ ನಕ್ಷತ್ರದೀಪಗಳನ್ನೂ ನೋಡುತ್ತ ಬೆಳೆದವರು ನಾವು. ಇವೆರಡರ ನಡುವಣ ಕಾಲದಲ್ಲಿಯೇ ಯೆಹೂದ್ಯರು ತಮ್ಮ ಮನೆಗಳಲ್ಲಿ ಎಂಟು ರಾತ್ರಿ ದೀಪ ಹಚ್ಚುವರು. ಆ ಹಬ್ಬದ ಹೆಸರು ಹನುಕ್ಕಾ. ಹೆಸರು ಹೊಸದಾಗಿ ತೋರಿದರೂ ಸತ್ಯವೇದವನ್ನು ಓದಿದ ನಮ್ಮ ಸಹೋದರಿಯರಿಗೆ ವಿಷಯವು ಅಪರಿಚಿತವಲ್ಲ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಚಳಿಗಾಲದಲ್ಲಿ ಯೆರೂಸಲೇಮಿನಲ್ಲಿ ನಡೆಯಿತೆಂದು ಹೇಳಿರುವ ಪ್ರತಿಷ್ಠೆಯ ಹಬ್ಬವು ಇದೇ.

ಅಂತಿಯೋಕನೆಂಬ ಗ್ರೀಕ್ ಅರಸನು ಯೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ್ದನು. ಯೂದ ಮಕ್ಕಬಿಯನೂ ಅವನ ಸಹೋದರರೂ ಹೋರಾಡಿ ಅದನ್ನು ಬಿಡಿಸಿಕೊಂಡು, ಕ್ರಿ.ಪೂ. 164ರ ಸುಮಾರಿನಲ್ಲಿ ಶುದ್ಧೀಕರಿಸಿ ಪುನಃ ಪ್ರತಿಷ್ಠಿಸಿದರು. ಒಂದು ದಿನಕ್ಕೆ ಮಾತ್ರ ಸಾಲುವಷ್ಟಿದ್ದ ಶುದ್ಧತೈಲವು ಎಂಟು ದಿನ ಉರಿಯಿತೆಂಬ ಕಥೆಯು ಮಕ್ಕಬಿಯರ ಗ್ರಂಥಗಳಲ್ಲಿಲ್ಲ; ಅದು ಅನಂತರದ ತಾಲ್ಮುದ್ ಗ್ರಂಥದಲ್ಲಿ ದೊರೆಯುತ್ತದೆ.

ದೀಪ ಹಚ್ಚುವ ಕ್ರಮವನ್ನು ಕುರಿತು ಪೂರ್ವಕಾಲದ ಪಂಡಿತರಲ್ಲಿ ಚರ್ಚೆಯಾಯಿತು. ಮೊದಲ ರಾತ್ರಿ ಎಂಟು ಹಚ್ಚಿ ದಿನದಿನಕ್ಕೆ ಇಳಿಸಬೇಕೆಂದು ಶಮ್ಮಾಯಿಯ ಶಿಷ್ಯರು ವಾದಿಸಿದರು. ಒಂದರಿಂದ ಆರಂಭಿಸಿ ಏರಿಸಬೇಕೆಂದು ಹಿಲ್ಲೇಲನ ಶಿಷ್ಯರು ಹೇಳಿದರು. ಪವಿತ್ರವಾದುದು ಹೆಚ್ಚಬೇಕಲ್ಲದೆ ಕುಗ್ಗಬಾರದೆಂಬುದೇ ಅವರು ಕೊಟ್ಟ ಕಾರಣ; ಅದೇ ಆಚಾರವಾಗಿ ನಿಂತಿತು. ಹೀಗೆ ಎಂಟು ರಾತ್ರಿಗಳಲ್ಲಿ ಒಟ್ಟು 36 ದೀಪಗಳಾಗುತ್ತವೆ. ಇವುಗಳ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಲಾಗದು. ಆದ್ದರಿಂದ ಹಚ್ಚುವುದಕ್ಕೆಂದು ಸೇವಕದೀಪವೊಂದು ಪಕ್ಕದಲ್ಲಿರುತ್ತದೆ. ದೀಪಗಳು ಉರಿಯುವಷ್ಟು ಹೊತ್ತು ಸ್ತ್ರೀಯರು ಮನೆಗೆಲಸದಿಂದ ವಿರಮಿಸುವ ಸಂಪ್ರದಾಯವೂ ಉಂಟು. ದೀಪದ ಸ್ಥಾನವು ಮನೆಯ ಬಾಗಿಲು. ಅಪಾಯದ ಕಾಲದಲ್ಲಿ ಒಳಗಿನ ಮೇಜಿನ ಮೇಲಿಟ್ಟರೂ ಸಾಕೆಂದು ಶಾಸ್ತ್ರವಿದೆ. ಹಬ್ಬವು ಅಮಾವಾಸ್ಯೆಗೆ ನಾಲ್ಕೈದು ದಿನ ಮುಂಚೆ ಆರಂಭವಾಗುವುದರಿಂದ, ರಾತ್ರಿ ಕಪ್ಪಾದಂತೆಲ್ಲ ದೀಪಗಳು ಹೆಚ್ಚುತ್ತ ಹೋಗುತ್ತವೆ.

ಈ ದೀಪದ ಕಥೆಗೆ ನಮ್ಮ ದೇಶದಲ್ಲಿಯೂ ಒಂದು ಅಧ್ಯಾಯವಿದೆ. ಕೊಂಕಣತೀರದಲ್ಲಿ ಬಹುಕಾಲದಿಂದ ನೆಲಸಿದ್ದ ಬೆನೆ ಇಸ್ರೇಲರು ಗಾಣದ ಕಸುಬಿನವರು. ಸಬ್ಬತ್ತಿನ ದಿನ ಗಾಣ ಕಟ್ಟದ ಕಾರಣ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಆದರೆ ಎಣ್ಣೆ ತೆಗೆಯುವ ಆ ಜನರಿಗೆ ಈ ಎಣ್ಣೆದೀಪದ ಹಬ್ಬವೇ ತಿಳಿದಿರಲಿಲ್ಲ. ಮಕ್ಕಬಿಯರ ಕಾಲಕ್ಕೆ ಮುಂಚೆಯೇ ತಮ್ಮ ಪೂರ್ವಿಕರು ಸ್ವದೇಶವನ್ನು ಬಿಟ್ಟರೆಂಬುದು ಅವರ ಪರಂಪರೆಯ ನಂಬಿಕೆ. ಮುಂದೆ ಕೊಚ್ಚಿಯ ಯೆಹೂದ್ಯ ಬೋಧಕರಿಂದ ಅವರು ಮರೆತ ಆಚಾರಗಳನ್ನು ಕಲಿತರು. ಮಿಷನ್ ಶಾಲೆಗಳೂ ಇದಕ್ಕೆ ನೆರವಾದವು. 1829ರಲ್ಲಿ ಮುಂಬಯಿಗೆ ಬಂದ ಜಾನ್ ವಿಲ್ಸನ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗಳು 1832ರಲ್ಲಿ ಅವರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ಪ್ರಕಟಿಸಿದರು. ಕ್ರೈಸ್ತಮತವನ್ನು ಸೇರಿದವರು ಅತಿವಿರಳ. ಆದರೆ ಅಕ್ಷರ ಬಲ್ಲವರಾಗಿ ತಮ್ಮ ವೇದವನ್ನು ತಾವೇ ಓದಿದವರು ಅನೇಕರು. 1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಬಹುಮಂದಿ ಅಲ್ಲಿಗೆ ತೆರಳಿದರು. ಹೀಗೆ ಇಲ್ಲಿ ಕಲಿತ ಹಬ್ಬವು ಅವರೊಡನೆ ಹಬ್ಬದ ಮೂಲಸ್ಥಾನಕ್ಕೇ ಹೋಯಿತು.

ಇದರಿಂದ ನಾವು ತಿಳಿಯತಕ್ಕದ್ದೇನು? ಎಣ್ಣೆಯಿದ್ದ ಮಾತ್ರಕ್ಕೆ ದೀಪ ಉಳಿಯದು. ಅದರ ಕಾರಣವನ್ನು ಹೇಳುವವರು ಮನೆಯಲ್ಲಿ ಇರಬೇಕು. ಗುಂಡಿಯೊತ್ತಿದೊಡನೆ ಬೆಳಕಾಗುವ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ, ಒಂದು ಸಣ್ಣ ದೀಪಕ್ಕಾಗಿ ಎಲ್ಲರೂ ಸುಮ್ಮನೆ ಕುಳಿತುಕೊಳ್ಳುವುದೇಕೆಂದು ತಾನಾಗಿ ತಿಳಿಯಲಾರದು. ಯೆಹೂದ್ಯ ಕುಟುಂಬದಲ್ಲಿ ವರ್ಷವರ್ಷವೂ ಕಥೆ ಹೇಳಿಯೇ ದೀಪವನ್ನು ಉಳಿಸಿದರು. ಈ ಶಾಲೆಯಲ್ಲಿ ಓದಿ ಇಂದು ಗೃಹಿಣಿಯರೂ ತಾಯಂದಿರೂ ಅಜ್ಜಿಯರೂ ಆಗಿರುವ ನಮ್ಮ ಸಹೋದರಿಯರು ಹಣತೆಯನ್ನಾಗಲಿ, ಮೇಣದ ಬತ್ತಿಯನ್ನಾಗಲಿ, ನಕ್ಷತ್ರವನ್ನಾಗಲಿ ಬೆಳಗುವಾಗ ಮಕ್ಕಳ ಕೈಯಿಂದ ಹಚ್ಚಿಸಲಿ. ಅವರು ಕೇಳಿದ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಲಿ. ಪ್ರತಿಯೊಂದು ಮನೆಯಲ್ಲಿಯೂ ಬೆಳಕು ಒಂದೊಂದಾಗಿ ಹೆಚ್ಚಲೆಂದು ಹಾರೈಸುತ್ತೇವೆ.