ಕಾಲೇಜಿಗೆ ಸೀಟು ಸಿಕ್ಕಿತು, ಮುಂದೇನು? ನೀಲಗಿರಿಯ ಹೊಸ ವಿದ್ಯಾರ್ಥಿಗಳು ತಿಳಿದಿರಬೇಕಾದ ಲೆಕ್ಕಗಳು

ಪ್ಲಸ್ ಟು ಮುಗಿಸಿ ಕಾಲೇಜಿಗೆ ಕಾಲಿಡುವ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಯೂನಿಫಾರ್ಮ್ ಉಂಟಾ? ಮೊಬೈಲ್ ಬಿಡ್ತಾರಾ? ಸೀನಿಯರ್‌ಗಳು ತೊಂದರೆ ಕೊಡ್ತಾರಾ? ಬಿ.ಕಾಂ. ಓದಿ ಗೂಡಲೂರಿನಲ್ಲಿ ಸಣ್ಣ ವ್ಯಾಪಾರ ಮಾಡಿಕೊಂಡಿರುವ ನನ್ನಲ್ಲೂ ಅಂಗಡಿಗೆ ಬರುವ ಮಕ್ಕಳು ಇದನ್ನೇ ಕೇಳುತ್ತಾರೆ. ಇದಕ್ಕೆಲ್ಲ ಒಂದು ವಾರದಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಆದರೆ ಒಂದು ವರ್ಷ ಕೈತಪ್ಪುವುದು ಬೇರೆ ವಿಷಯಗಳಲ್ಲಿ: ಹಾಜರಿ, ಸರ್ಟಿಫಿಕೇಟ್ ಮತ್ತು ಭಾಷೆ. ಅದನ್ನು ಯಾರೂ ಮೊದಲೇ ಕೂತು ಹೇಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಾಲೇಜುಗಳು ಬಹಳ ಇಲ್ಲ. ಊಟಿಯ ಸ್ಟೋನ್ ಹೌಸ್ ಆವರಣದಲ್ಲಿ 1955ರಲ್ಲಿ ಶುರುವಾದ ಸರ್ಕಾರಿ ಕಲಾ ಕಾಲೇಜು, ಮೊದಲು ಭಾರತಿಯಾರ್ ವಿಶ್ವವಿದ್ಯಾಲಯವೇ ನಡೆಸುತ್ತಿದ್ದ ಗೂಡಲೂರಿನ ಸರ್ಕಾರಿ ಕಾಲೇಜು, ಹೆಣ್ಣುಮಕ್ಕಳಿಗೆ ಊಟಿಯ ಎಮರಾಲ್ಡ್ ಹೈಟ್ಸ್ ಮತ್ತು ಕೂನೂರಿನ ಪ್ರಾವಿಡೆನ್ಸ್. ಇವೆಲ್ಲ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಆದ್ದರಿಂದ ದೊಡ್ಡ ನಿಯಮಗಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಹಾಜರಿ: 90 ದಿನದಲ್ಲಿ ನಿಮ್ಮ ಕೈಯಲ್ಲಿರುವುದು 22

ಪರೀಕ್ಷೆಗೆ ಕೂರಲು 75% ಹಾಜರಿ ಬೇಕು. ಒಂದು ಸೆಮಿಸ್ಟರ್‌ಗೆ 90 ಕೆಲಸದ ದಿನ ಅಂತ ಇಟ್ಟುಕೊಳ್ಳಿ. 68 ದಿನ ಹೋಗಲೇಬೇಕು, ತಪ್ಪಿಸಬಹುದಾದದ್ದು 22 ದಿನ. ಕೇಳಲು ಧಾರಾಳ ಅನಿಸುತ್ತದೆ. ಆದರೆ ಬೆಟ್ಟದಲ್ಲಿ ಈ 22 ದಿನ ಹೇಗೆ ಕರಗುತ್ತದೆ ನೋಡಿ.

ಮಳೆ ಜೋರಾಗಿ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಅದು ಕೆಲಸದ ದಿನವೇ ಅಲ್ಲ, ನಿಮಗೆ ನಷ್ಟ ಇಲ್ಲ. ಆದರೆ ರಜೆ ಕೊಡದ ದಿನ ನಡುವಟ್ಟಂ ಹತ್ತಿರ ಮರ ಬಿದ್ದು ಗೂಡಲೂರು ಬಸ್ ನಿಂತರೆ, ಊಟಿಯಲ್ಲಿ ಕ್ಲಾಸ್ ನಡೆದೇ ನಡೆಯುತ್ತದೆ. ಆ ದಿನ ನಿಮ್ಮ ಖಾತೆಯಿಂದ ಹೋಯಿತು. ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ. ಮಸಿನಗುಡಿಯವರಿಗೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು. ದಿನಾ ಹೋಗಿ ಬರುವ ಮಕ್ಕಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ದಿನಗಳು ಬಂದೇ ಬರುತ್ತವೆ.

ಇನ್ನು ಮಂಗಳೂರು, ಪುತ್ತೂರು ಕಡೆ ಮನೆ ಇರುವವರ ಲೆಕ್ಕ ಬೇರೆ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ನಿಯಮ 2009ರಿಂದ ಇದೆ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ನಿಧಾನವಾಗಿ ಹೊರಟರೆ ಗುಂಡ್ಲುಪೇಟೆಯಲ್ಲೇ ರಾತ್ರಿ ಕಳೆಯಬೇಕು, ಸೋಮವಾರದ ಕ್ಲಾಸ್ ಹೋಯಿತು. ವಾರಕ್ಕೆ ಐದು ದಿನದಂತೆ 90 ದಿನ ಅಂದರೆ 18 ವಾರ. ಪ್ರತಿ ಸೋಮವಾರ ತಪ್ಪಿದರೆ 18 ದಿನ ಅಲ್ಲೇ ಮುಗಿಯಿತು. ಉಳಿದ ನಾಲ್ಕರಲ್ಲಿ ಜ್ವರ, ಮದುವೆ, ಮಳೆ ಎಲ್ಲ ಆಗಬೇಕು.

ಹಾಗಾಗಿ ಮೊದಲ ತಿಂಗಳು ದಿನ ಖರ್ಚು ಮಾಡ್ಬೇಡಿ. ವ್ಯಾಪಾರಿ ಬಂಡವಾಳ ಮುಟ್ಟದ ಹಾಗೆ ಆ 22 ದಿನವನ್ನು ಮಳೆಗೆ ಮತ್ತು ಕಾಯಿಲೆಗೆ ಮೀಸಲಿಡಿ. ಒಂದು ಸಣ್ಣ ಪುಸ್ತಕದಲ್ಲಿ ತಪ್ಪಿದ ದಿನ ಬರೆದುಕೊಳ್ಳಿ. ಅರ್ಧ ದಿನದ ಲೆಕ್ಕವೋ, ಗಂಟೆಯ ಲೆಕ್ಕವೋ ಅಂತ ವಿಭಾಗದಲ್ಲಿ ಕೇಳಿ. ಶುಕ್ರವಾರ ಜುಮಾಕ್ಕೆ ಹೋಗುವವರು ಮಧ್ಯಾಹ್ನದ ಮೊದಲ ಕ್ಲಾಸಿನ ಸಮಯ ನೋಡಿಕೊಂಡು ವಿಭಾಗದ ಮುಖ್ಯಸ್ಥರಿಗೆ ಮೊದಲೇ ಹೇಳಿಡಿ. ಕೊನೆಯಲ್ಲಿ ಹೋಗಿ ಬೇಡುವುದಕ್ಕಿಂತ ಇದು ಗೌರವ.

ಸರ್ಟಿಫಿಕೇಟ್: ಊಹೆಯ ಮೇಲೆ ಬರೆಯಬೇಡಿ

ನಮ್ಮ ಕುಟುಂಬಗಳು ಹೆಚ್ಚು ಎಡವುವುದು ಇಲ್ಲಿ. ತಮಿಳುನಾಡಿನಲ್ಲಿ ಹಿಂದುಳಿದ ವರ್ಗದ ಮುಸ್ಲಿಮರಿಗೆ 3.5% ಮೀಸಲಾತಿ ಇದೆ. ಆದರೆ ಅದು ಎಲ್ಲ ಮುಸ್ಲಿಮರಿಗೆ ಅಲ್ಲ. ಪಟ್ಟಿಯಲ್ಲಿ ಇರುವುದು ಏಳು ಹೆಸರು: ಅನ್ಸಾರ್, ದಖ್ಖನಿ ಮುಸ್ಲಿಂ, ದೂದೇಕುಲ, ಲಬ್ಬೈ (ರಾವುತರ್, ಮರಕಾಯರ್ ಸೇರಿ), ಮಾಪಿಳ್ಳ, ಶೇಖ್, ಸೈಯದ್. ಬ್ಯಾರಿ ಎಂಬ ಹೆಸರು ಅದರಲ್ಲಿ ಇಲ್ಲ. ಕರ್ನಾಟಕದ 2ಬಿ ಸರ್ಟಿಫಿಕೇಟ್ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ.

ನಿಮ್ಮ ಕುಟುಂಬದ ಹಳೆಯ ದಾಖಲೆಯಲ್ಲಿ ಏನಿದೆ, ಅದರ ಮೇಲೆ ಯಾವ ಪತ್ರ ಸಿಗುತ್ತದೆ ಎಂಬುದನ್ನು ತಹಶೀಲ್ದಾರ್ ಕಚೇರಿಯೇ ಹೇಳಬೇಕು. ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿ. ಯಾರೋ ಹೇಳಿದರು ಅಂತ ಫಾರ್ಮಿನಲ್ಲಿ ಒಂದು ಹೆಸರು ತುಂಬಿ, ಆಮೇಲೆ ದಾಖಲೆ ತೋರಿಸಲು ಆಗದಿದ್ದರೆ ಸಿಕ್ಕ ಸೀಟೂ ಹೋಗಬಹುದು. ಪತ್ರ ಇಲ್ಲದಿದ್ದರೆ ಸಾಮಾನ್ಯ ವರ್ಗದಲ್ಲಿ ಸೇರುವುದೇ ಕ್ಷೇಮ. ಕರ್ನಾಟಕದ ದ್ವಿತೀಯ ಪಿಯುಸಿ ಮುಗಿಸಿ ಬಂದವರು ಟಿಸಿ ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ತನ್ನಿ. ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಪತ್ರದ ಬಗ್ಗೆ ಸೇರುವ ದಿನವೇ ಕಾಲೇಜು ಆಫೀಸಿನಲ್ಲಿ ಕೇಳಿ.

ಹಣದ ಸಹಾಯಕ್ಕೂ ಹೀಗೇ ಷರತ್ತು ಉಂಟು. ಹೆಣ್ಣುಮಕ್ಕಳಿಗೆ 2022ರಲ್ಲಿ ಬಂದ ಪುದುಮೈ ಪೆಣ್, ಗಂಡುಮಕ್ಕಳಿಗೆ 2024ರಲ್ಲಿ ಬಂದ ತಮಿಳ್ ಪುದಲ್ವನ್ ಯೋಜನೆಗಳಲ್ಲಿ ತಿಂಗಳಿಗೆ 1,000 ರೂ. ಸಿಗುತ್ತದೆ. ಆದರೆ 6ರಿಂದ 12ನೇ ತರಗತಿವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ, ಇಲ್ಲವೇ ಅನುದಾನಿತ ಶಾಲೆಯ ತಮಿಳು ಮಾಧ್ಯಮದಲ್ಲಿ ಓದಿರಬೇಕು. ಹೈಸ್ಕೂಲನ್ನು ಊರಿನ ಅಜ್ಜಿ ಮನೆಯಲ್ಲಿದ್ದು ಮುಗಿಸಿದ ಮಕ್ಕಳಿಗೆ ಇದು ಸಿಗಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಶಾಲೆ ಬದಲಿಸುವ ಮುಂಚೆ ತಂದೆ ತಾಯಿ ಇದನ್ನು ಯೋಚಿಸಬೇಕು.

ತಮಿಳು: ಕಿವಿಗೆ ಸುಲಭ, ಕಣ್ಣಿಗೆ ಕಷ್ಟ

ಬ್ಯಾರಿ ಮಾತಾಡುವ ಮಕ್ಕಳಿಗೆ ತಮಿಳು ಕೇಳಿ ಅರ್ಥವಾಗಲು ಹೆಚ್ಚು ದಿನ ಬೇಡ. ಕಷ್ಟ ಆಗುವುದು ಲಿಪಿ. ಬಿ.ಕಾಂ. ಪಾಠ ಇಂಗ್ಲಿಷಿನಲ್ಲಿದ್ದರೂ ನೋಟಿಸ್ ಬೋರ್ಡ್, ಅರ್ಜಿ, ಬಸ್ಸಿನ ಬೋರ್ಡ್ ತಮಿಳಿನಲ್ಲಿ ಇರುತ್ತದೆ. ಫೀ ಕಟ್ಟುವ ಕೊನೆ ದಿನ ಓದಲಾಗದೆ ದಂಡ ಕಟ್ಟುವವರು ಉಂಟು. ಈ ಐದು ಮಾತುಗಳನ್ನಾದರೂ ಬರೆದಿರುವುದು ನೋಡಿ ಗುರುತಿಸಲು ಕಲಿಯಿರಿ: ವಿಣ್ಣಪ್ಪಂ (ಅರ್ಜಿ), ಕಟ್ಟಣಂ (ಶುಲ್ಕ), ತೇರ್ವು (ಪರೀಕ್ಷೆ), ವಿಡುಮುರೈ (ರಜೆ), ಸಾನ್ರಿದಳ್ (ಪ್ರಮಾಣಪತ್ರ).

ಪದವಿಯಲ್ಲಿ ಪಾರ್ಟ್ ಒನ್ ಅಂದರೆ ಭಾಷೆ, ಪಾರ್ಟ್ ಟೂ ಇಂಗ್ಲಿಷ್, ಪಾರ್ಟ್ ತ್ರೀ ನಿಮ್ಮ ಮುಖ್ಯ ವಿಷಯ. ತಮಿಳು ಓದದೆ ಬಂದವರು ಪಾರ್ಟ್ ಒನ್‌ಗೆ ಬೇರೆ ಯಾವ ಭಾಷೆ ಆ ಕಾಲೇಜಿನಲ್ಲಿ ಕಲಿಸುತ್ತಾರೆ ಅಂತ ಮೊದಲೇ ವಿಚಾರಿಸಿ. ಅಂಥವರಿಗೆ ಬೇಸಿಕ್ ತಮಿಳು ಅಂತ ಒಂದು ಪೇಪರ್ ಕೂಡ ಇರುತ್ತದೆ. ಅದನ್ನು ಹಗುರವಾಗಿ ತಗೋಬೇಡಿ. ಅಕೌಂಟೆನ್ಸಿ ಪಾಸಾಗಿ ಭಾಷೆಯಲ್ಲಿ ‘ಅರಿಯರ್’ ಇಟ್ಟುಕೊಂಡರೂ ಡಿಗ್ರಿ ಕೈಗೆ ಬರಲ್ಲ. ಕರ್ನಾಟಕದಲ್ಲಿ ಬ್ಯಾಕ್‌ಲಾಗ್ ಅನ್ನುವುದಕ್ಕೆ ಇಲ್ಲಿ ಅರಿಯರ್ ಅಂತಾರೆ.

ರೂಮು, ಸೀಸನ್, ರ‍್ಯಾಗಿಂಗ್

ಊಟಿಯಲ್ಲಿ ರೂಮು ಹಿಡಿಯುವಾಗ ಬಾಡಿಗೆ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಏಪ್ರಿಲ್–ಮೇ ಸೀಸನ್‌ನಲ್ಲಿ ಬಿಡಿಸ್ತೀರಾ? ಪ್ರವಾಸಿಗರಿಗೆ ಕೊಟ್ಟರೆ ಒಂದು ರಾತ್ರಿಗೆ ಒಳ್ಳೆಯ ದುಡ್ಡು ಸಿಗುವ ಕಾಲ ಅದು, ನಿಮ್ಮ ಸೆಮಿಸ್ಟರ್ ಪರೀಕ್ಷೆಯೂ ಆಗಲೇ. ಹಾಸ್ಟೆಲ್ ಸಿಕ್ಕರೆ ಈ ತಲೆನೋವು ಇಲ್ಲ. ಕರ್ನಾಟಕದ ಗಾಡಿಯಲ್ಲಿ ಮಕ್ಕಳನ್ನು ಬಿಡಲು ಬರುವವರು ಇ-ಪಾಸ್ ನೋಡಿಕೊಳ್ಳಿ. ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಅದು ಜಾರಿಗೆ ಬಂದಿದೆ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಬೇಡ.

ರ‍್ಯಾಗಿಂಗ್ ವಿಷಯದಲ್ಲಿ ಹೆದರಿ ಸುಮ್ಮನಿರುವುದು ಬೇಡ. 1996ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ಪೊನ್ ನವರಸು ಕೊಲೆಯಾದ ಮೇಲೆ ತಮಿಳುನಾಡು 1997ರಲ್ಲೇ ಇದಕ್ಕೆ ಕಾನೂನು ತಂದಿದೆ. ರಾಷ್ಟ್ರೀಯ ಸಹಾಯವಾಣಿ 1800-180-5522. ಹೆಸರು ಕೇಳುವುದು, ಊರು ಕೇಳುವುದು ಪರಿಚಯ. ಅಳಿಸುವುದು, ದುಡ್ಡು ಕೇಳುವುದು, ಬಟ್ಟೆ ಅಥವಾ ಭಾಷೆ ಹಿಡಿದು ಹೀಯಾಳಿಸುವುದು ಅಪರಾಧ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ಸೀಸನ್ ಬಂತು, ಅಂಗಡಿಗೆ ಆಳು ಬೇಕು ಅಂತ ಮಕ್ಕಳನ್ನು ವಾರದ ದಿನ ಕೂರಿಸಿಕೊಳ್ಳುವುದು ನಮ್ಮ ವ್ಯಾಪಾರಿಗಳಲ್ಲಿ ಇದೆ. ಆ ಒಂದು ದಿನದ ವ್ಯಾಪಾರ ಇನ್ನೊಂದು ದಿನ ಮಾಡಬಹುದು. ಹಾಜರಿ ಸಾಲದೆ ಪರೀಕ್ಷೆ ತಪ್ಪಿದರೆ ಕಾಯಬೇಕಾದದ್ದು ತಿಂಗಳುಗಟ್ಟಲೆ. ಮಗ, ಮಗಳು ಸೇರಿದ ಕಾಲೇಜಿಗೆ ಒಮ್ಮೆಯಾದರೂ ಹೋಗಿ ಹಾಜರಿ ವಿಚಾರಿಸಿಕೊಂಡು ಬನ್ನಿ.